ಲಾರಿಯಲ್ಲಿ ಆಡಿದ ಮಾತು

ಹದಿನಾರನೇ ತಾರೀಖು, ಮಂಗಳವಾರ
ಬೆಳಗ್ಗೆ, ಹೊಲಿಗೆ ಕೋಣೆಯಿಂದ

ನನ್ನ ಬಂಗಾರಿ,

ಕ್ಷೇಮ ಎಂದು ಶುರು ಮಾಡಲು ಹೋಗಿ ಮೂರು ಹಾಳೆ ಹಾಳು ಮಾಡಿದೆ. ಇಲ್ಲಿ ನಾನೂ ನಿಮ್ಮಪ್ಪನೂ ಇದ್ದೇವೆ, ಹೊತ್ತು ಹೊತ್ತಿಗೆ ಉಣ್ಣುತ್ತೇವೆ, ಅವರ ಬಲಗಣ್ಣಿಗೆ ದಿನಕ್ಕೆ ಎರಡು ಸಲ ತಪ್ಪದೆ ಔಷಧಿ ಹಾಕುತ್ತಿದ್ದೇನೆ. ಇಷ್ಟನ್ನು ಕ್ಷೇಮ ಅನ್ನುವುದಾದರೆ ಕ್ಷೇಮ.

ಫೋನಿದ್ದೂ ಅಮ್ಮ ಯಾಕೆ ಕಾಗದ ಬರೆದಳು ಅಂತ ನೀನು ಹುಬ್ಬು ಗಂಟಿಕ್ಕಿರುತ್ತೀಯ. ನೀನಿರುವ ಸುರಂಗದ ಕೆಲಸದ ಜಾಗದಲ್ಲಿ ಗುಡ್ಡ ಹತ್ತಿದರೆ ಮಾತ್ರ ಫೋನು ಸಿಗುವುದು ಎನ್ನುವುದು ಒಂದು ಕಾರಣ. ಇನ್ನೊಂದು ಕಾರಣ ನಾನೇ. ಈ ವಿಷಯ ಹೇಳುವಾಗ ನೀನು ನಡುವೆ ಬಾಯಿ ಹಾಕಿದರೆ, 'ಅಯ್ಯೋ ಏನಿಲ್ಲ ಬಿಡು' ಅಂತ ಜಾರಿಕೊಂಡುಬಿಡುತ್ತೇನೆ. ಕಾಗದ ನಡುವೆ ಬಾಯಿ ಹಾಕುವುದಿಲ್ಲ.

ನೀನು ಲಾರಿ ಯಾರ್ಡಿನಲ್ಲಿ ಎಲ್ಲರ ಎದುರು, ಹಿಟಾಚಿ ಯಂತ್ರದಲ್ಲಿ ಮಣ್ಣು ಅಗೆಯುವ ಟೋಪಿ ಅಣ್ಣನಿಗೆ ಅಂದ ಮಾತನ್ನು ವಾಪಸ್ಸು ತೆಗೆದುಕೊಳ್ಳಬೇಕು. ಅದಕ್ಕೇ ಈ ಕಾಗದ. ಯಾಕೆ ತೆಗೆದುಕೊಳ್ಳಬೇಕು ಅಂತ ಹೇಳಲು ನಾನು ಸ್ವಲ್ಪ ದೂರದಿಂದ ಸುತ್ತಿ ಬರಬೇಕು. ತಾಳ್ಮೆಯಿಂದ ಓದು. ನಿನ್ನ ಲಾರಿಯನ್ನು ಇಕ್ಕಟ್ಟಿನ ರಸ್ತೆಯಲ್ಲಿ ತಿರುಗಿಸುವಾಗ ಇಟ್ಟುಕೊಳ್ಳುತ್ತೀಯಲ್ಲ, ಅಷ್ಟು ತಾಳ್ಮೆ ಸಾಕು.

ನಿಮ್ಮಪ್ಪ ಇಪ್ಪತ್ತೇಳು ವರ್ಷ ಲೋಬೆಡ್ ಟ್ರೇಲರ್ ಓಡಿಸಿದವರು. ಹಿಟಾಚಿ, ಡೋಜರ್, ರೋಲರ್ ಅಂತ ಯಾರಿಗೂ ಹೊರಲಾಗದ ಯಂತ್ರಗಳನ್ನೆಲ್ಲ ನೆಲಕ್ಕೆ ಹೊಟ್ಟೆ ಹಚ್ಚಿಕೊಂಡಂತಿರುವ ಆ ಉದ್ದನೆ ಗಾಡಿಯ ಮೇಲೆ ಹೊತ್ತು, ಕೆಲಸ ನಡೆಯುವಲ್ಲಿಗೆ ಇಳಿಸಿ ಬರುತ್ತಿದ್ದರು. ಐದು ದಿನ, ಎಂಟು ದಿನ ಹೋಗಿ ಬಂದರೆ ಮನೆಯಲ್ಲಿ ಅವರ ಬಾಯಿಂದ ಬೀಳುತ್ತಿದ್ದ ಮಾತನ್ನು ನಾನು ಬೆರಳಲ್ಲಿ ಎಣಿಸಬಹುದಿತ್ತು. 'ಬಂದೆ.' 'ಬಿಸಿನೀರಿದ್ಯಾ?' 'ಹೂಂ.' 'ನಾಳೆ ಆರಕ್ಕೆ ಹೊರಡ್ತೀನಿ.' ನಾನು ಎಲ್ಲರ ಹತ್ತಿರವೂ 'ನಮ್ಮನೆಯವರಿಗೆ ಮಾತು ಕಮ್ಮಿ, ಸ್ವಭಾವವೇ ಹಾಗೆ' ಅನ್ನುತ್ತಿದ್ದೆ. ನಿನ್ನ ಅಜ್ಜಿಯೂ, ಹುಟ್ಟಿದಾಗಲೂ ಇವನು ಸರಿಯಾಗಿ ಅಳಲಿಲ್ಲ ಕಣೇ ಅಂತ ಸಮಾಧಾನ ಹೇಳುತ್ತಿದ್ದರು. ಹುಟ್ಟಿನಿಂದ ಬಂದದ್ದಕ್ಕೆ ಯಾರೇನು ಮಾಡುವುದು ಅಂತ ನಾನು ಹೊಲಿಗೆ ಯಂತ್ರದ ಸದ್ದನ್ನೇ ಮನೆಯ ಸದ್ದು ಮಾಡಿಕೊಂಡೆ. ಆ ಯಾರ್ಡಿನ ಅರ್ಧದಷ್ಟು ಲಾರಿಗಳ ಸೀಟು ಕವರು, ಪರದೆ ಎಲ್ಲ ನನ್ನ ಕೈಯಲ್ಲಿ ಹೊಲಿದದ್ದು. ನಿಮ್ಮಪ್ಪನ ಲಾರಿಯದಂತೂ ನಾಲ್ಕು ಸಲ ಬದಲಾಯಿಸಿದ್ದೇನೆ. ಆದರೆ ಒಂದು ಸಲವೂ ಅದರ ಮೇಲೆ ಕೂತಿರಲಿಲ್ಲ.

ನೀನು ದೊಡ್ಡ ಗಾಡಿಯ ಲೈಸೆನ್ಸ್ ತೆಗೆದಾಗ ನಾನು ಮೂಗು ಮುರಿದದ್ದು ನಿಜ. ಆದರೆ ನಿಮ್ಮಪ್ಪನ ಬೆನ್ನು ಕೈಕೊಟ್ಟ ಮೇಲೆ ನೀನು ಸ್ಟಿಯರಿಂಗ್ ಹಿಡಿದು ಅವರು ಪಕ್ಕದಲ್ಲಿ ಕೂತು, ಯಂತ್ರ ಹತ್ತಿಸುವಾಗ ಕೈಸನ್ನೆ ಮಾಡಲಿ, ಚೈನು ಬಿಗಿಯುವುದನ್ನು ನೋಡಿಕೊಳ್ಳಲಿ ಅಂತ ಲಾರಿಯ ಓನರ್ ಒಪ್ಪಿದಾಗ ನನಗೆ ಎಷ್ಟು ಸಮಾಧಾನವಾಗಿತ್ತು ಗೊತ್ತಾ? ಮಗಳೂ ಒಬ್ಬಳೇ ಅಲ್ಲ, ಗಂಡನೂ ಒಬ್ಬರೇ ಅಲ್ಲ.

ಆ ಸಮಾಧಾನ ಎರಡು ತಿಂಗಳೂ ಉಳಿಯಲಿಲ್ಲ.

ನೀನು ಮನೆಗೆ ಬಂದಾಗಲೆಲ್ಲ 'ಅಪ್ಪ ಹೀಗಂದ್ರು, ಅಪ್ಪ ಹಾಗಂದ್ರು' ಅಂತ ಶುರು ಮಾಡಿದೆ. ಯಾವುದೋ ತಿರುವಿನಲ್ಲಿ ಕುರಿಮಂದೆ ಅಡ್ಡ ಬಂದಾಗ ಅಪ್ಪ ಕುರಿಯ ಹಾಗೇ ಕೂಗಿ ದಾರಿ ಮಾಡಿಸಿದರಂತೆ. ಹಾರ್ನ್ ಕೆಟ್ಟಿತ್ತಂತೆ. ನಿಮ್ಮಪ್ಪ, ಕುರಿಯ ಹಾಗೆ! ಮೊದಮೊದಲು ನೀನು ಕಟ್ಟಿ ಹೇಳುತ್ತಿದ್ದೀಯ ಅಂದುಕೊಂಡೆ. ಅವರ ಮುಖ ನೋಡಿದರೆ ಅವರು ತಟ್ಟೆ ನೋಡುತ್ತಾ ನಗು ಅದುಮಿಕೊಳ್ಳುತ್ತಿದ್ದರು. ಆಗ ಗೊತ್ತಾಯಿತು, ಮಾತು ಕಮ್ಮಿ ಇರಲಿಲ್ಲ. ಬೇರೆ ಕಡೆ ಖರ್ಚಾಗುತ್ತಿತ್ತು, ಅಷ್ಟೆ.

ಹೆತ್ತ ಮಗಳ ಮೇಲೆ ಹೊಟ್ಟೆ ಉರಿದುಕೊಳ್ಳುವುದಕ್ಕೆ ಯಾವ ತಾಯಿಗಾದರೂ ನಾಚಿಕೆಯಾಗುತ್ತದೆ. ನನಗೂ ಆಯಿತು. ಆದರೆ ನಾಚಿಕೆಯಾದ ಮಾತ್ರಕ್ಕೆ ಉರಿ ಆರುವುದಿಲ್ಲ. ನಿಮಗೆ ಕಟ್ಟಿಕೊಡುವ ಬುತ್ತಿಯಲ್ಲಿ ಉಪ್ಪು ಹೆಚ್ಚಾಗಿತ್ತು ಅಂತ ನೀನು ಎರಡು ಮೂರು ಸಲ ಅಂದೆ ನೋಡು, ಅದು ಕೈತಪ್ಪಿ ಆಗಿದ್ದಲ್ಲ.

ಆಮೇಲೆ ನೀನೇ ಕರೆದೆ. 'ಅಮ್ಮಾ, ಒಂದ್ಸಲ ಬಂದು ನೋಡು, ನಾವೇನ್ ಮಾಡ್ತೀವಿ ಅಂತ.' ಬೇಡ ಬೇಡ ಅನ್ನುತ್ತಲೇ ಹೊಸ ಚಪ್ಪಲಿ ಮೆಟ್ಟಿಕೊಂಡು ಹೊರಟೆ. ಕ್ಯಾಬಿನ್ ಹತ್ತಲು ಯಾವ ಕಾಲು ಮೊದಲಿಡಬೇಕು ಅಂತಲೂ ಗೊತ್ತಾಗಲಿಲ್ಲ. ನೀನು ಮೇಲಿನಿಂದ ಕೈ ಕೊಟ್ಟು ಎಳೆದುಕೊಂಡೆ. ನಿನ್ನ ಪಕ್ಕದ ಸೀಟಿನಲ್ಲಿ ಕೂರೋಣ ಅಂತ ಹೋದರೆ ನಿಮ್ಮಪ್ಪ, 'ಅವ್ಳು ಹಿಂದೆ ಕೂರ್ಲಿ, ಎಡಗಡೆ ಕನ್ನಡಿ ನಾನು ನೋಡ್ಬೇಕು' ಅಂದರು. ಹಿಂದೆ ಮಲಗುವ ಹಲಗೆಯ ಮೇಲೆ, ನಿಮ್ಮಿಬ್ಬರ ಟವೆಲ್ಲುಗಳ ನಡುವೆ ಕೂತೆ. ನಾನೇ ಹೊಲಿದ ಕವರಿನ ಬೆನ್ನು ನೋಡುತ್ತಾ.

ಆ ದಿನ ಟೋಪಿ ಅಣ್ಣನಿಗೆ ಜ್ವರ. ಹಿಟಾಚಿ ಓಡಿಸುವವರಿಲ್ಲ. ಆಳವಾಗಿ ಅಗೆದ ಪಾಯದ ಪಕ್ಕದಲ್ಲಿ ಆ ಯಂತ್ರ ಮೈತುಂಬ ಕೆಸರು ಮೆತ್ತಿಕೊಂಡು ನಿಂತಿತ್ತು. ನೀನು ಸೊಂಟಕ್ಕೆ ದುಪ್ಪಟ್ಟ ಬಿಗಿದು ಅದರ ಮೇಲೆ ಹತ್ತಿ ಕೂತೆ. ಟೋಪಿ ಅಣ್ಣ ಎರಡು ವರ್ಷ ಊಟದ ಬಿಡುವಿನಲ್ಲೆಲ್ಲ ಪಕ್ಕದಲ್ಲಿ ನಿಂತು ಕಲಿಸಿದ ವಿದ್ಯೆ. ನಿಮ್ಮಪ್ಪ ಟ್ರೇಲರಿನ ಹಿಂದಿನ ಎರಡು ಹಲಗೆ ಇಳಿಸಿ, ಒದ್ದೆ ಇದೆಯೇ ಅಂತ ಅಂಗೈಯಿಂದ ಒರೆಸಿ ನೋಡಿದರು. ಯಂತ್ರ ಉರುಳುವ ಕಬ್ಬಿಣದ ಪಟ್ಟಿಗೆ ಅಂಟಿದ ಮಣ್ಣನ್ನು ಸಲಿಕೆಯಿಂದ ಕೆರೆದರು. ಆಮೇಲೆ ಟ್ರೇಲರಿನ ಮೇಲೆ ನಿಂತು ಕೈ ಎತ್ತಿದರು.

ನಾನು ಮರಳಿನ ಗುಡ್ಡೆಯ ಹತ್ತಿರ ನಿಂತಿದ್ದೆ. ಆ ಸದ್ದಿನಲ್ಲಿ ಮಾತು ಕೇಳುವುದಿಲ್ಲ. ಅವರ ಒಂದು ಬೆರಳು ಆಡಿದರೆ ಅಷ್ಟು ದೊಡ್ಡ ಕಬ್ಬಿಣ ಗೇಣುದ್ದ ಸರಿಯುತ್ತಿತ್ತು. ಮುಷ್ಟಿ ಮುಚ್ಚಿದರೆ ನಿಲ್ಲುತ್ತಿತ್ತು. ಹಲಗೆಯ ತುದಿಯಲ್ಲಿ ಯಂತ್ರ ಮೂಗು ಮೇಲೆತ್ತಿ ಗಾಳಿಯಲ್ಲಿ ತೂಗಿದಾಗ ನಾನು ಎರಡು ಹೆಜ್ಜೆ ಹಿಂದೆ ಸರಿದೆ. ನೀನು ಮಣ್ಣು ಅಗೆಯುವ ಬಕೆಟ್ಟನ್ನು ಮುಂದೆ ಊರಿ, ಮೊಣಕೈ ಊರಿ ಮಲಗುವ ಮುದುಕಿಯ ಹಾಗೆ ನಿಧಾನಕ್ಕೆ ಅದನ್ನು ಟ್ರೇಲರಿನ ಮೇಲೆ ಇಳಿಸಿದೆ. ಆಗ ನಿಮ್ಮಪ್ಪನ ಮುಖ ನೋಡಿದೆ. ಮೂವತ್ತು ವರ್ಷದ ಸಂಸಾರದಲ್ಲಿ ಆ ಮುಖ ಒಂದು ಸಲವೂ ನನ್ನ ಕಡೆ ತಿರುಗಿರಲಿಲ್ಲ.

ಹತ್ತಿಸುವಾಗ ಇನ್ನೊಂದೂ ನಡೆಯಿತು. ನಿಮ್ಮಪ್ಪನ ಎಡಕ್ಕೆ ಬರುವ ಪಟ್ಟಿ ಹಲಗೆಯ ಅಂಚು ಬಿಟ್ಟು ನಾಲ್ಕು ಬೆರಳು ಹೊರಗೆ ಬಂದಿತ್ತು. ಅವರ ಕೈ ಮಾತ್ರ 'ಬಾ, ಬಾ' ಅನ್ನುತ್ತಲೇ ಇತ್ತು. ನೀನೇ ನಿಲ್ಲಿಸಿ, ಹಿಂದೆ ತೆಗೆದು ಸರಿ ಮಾಡಿಕೊಂಡೆ. ಇಳಿದ ಮೇಲೆ ಅವರು 'ಬಿಸಿಲು ಕಣ್ಣಿಗೆ ಹೊಡೀತು' ಅಂದರು, ನೀನು ನಂಬಿದೆ. ನನಗೆ ಅವರ ಎಡಗಣ್ಣಿನ ಮೇಲೆ ಅನುಮಾನ ಬಂದದ್ದು ಆಗಲೇ.

ವಾಪಸ್ಸು ಬರುವಾಗ ನೀನು, 'ಆಮೇಲೆ ಆ ಮೇಷ್ಟ್ರು ಏನ್ ಮಾಡಿದ್ರಪ್ಪಾ?' ಅಂತ ಕೇಳಿದೆ. ನಿನ್ನೆ ಎಲ್ಲಿಗೆ ನಿಲ್ಲಿಸಿದ್ದರೋ ಅಲ್ಲಿಂದ ಮುಂದಕ್ಕೆ ಕೇಳುವ ಹಾಗೆ. ಅವರು ಶುರು ಮಾಡಿದರು ನೋಡು. ಶಾಲೆಯಲ್ಲಿ ಅವರಿಗೊಬ್ಬ ಮೇಷ್ಟ್ರು ಇದ್ದರಂತೆ, ಪಾಠದ ನಡುವೆ ನಿದ್ದೆ ಹೋಗುತ್ತಿದ್ದರಂತೆ, ಎಚ್ಚರವಾದಾಗಲೆಲ್ಲ 'ಹದಿನೇಳು' ಅನ್ನುತ್ತಿದ್ದರಂತೆ. ನೀವಿಬ್ಬರೂ ಹದಿನೇಳು ಹದಿನೇಳು ಅಂತ ಬಿದ್ದು ಬಿದ್ದು ನಕ್ಕಿರಿ. ನನಗೆ ಆ ಮೇಷ್ಟ್ರು ಇದ್ದದ್ದೇ ಗೊತ್ತಿಲ್ಲ. ಹದಿನೇಳು ಯಾಕೆ ಅಂತ ಕೇಳಿದೆ. ನೀನು ಕಣ್ಣು ಒರೆಸಿಕೊಳ್ಳುತ್ತಾ, 'ಹೇಳಿದ್ರೆ ಗೊತ್ತಾಗಲ್ಲಮ್ಮಾ, ಮೊದಲಿಂದ ಇರಬೇಕಿತ್ತು' ಅಂದೆ.

ಮೊದಲಿಂದ ಇದ್ದವಳು ನಾನಲ್ಲವೇನೇ?

ನೀನು ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಆದರೂ ಆ ಮಾತು ಎದೆಯಲ್ಲಿ ಸೂಜಿ ಮುರಿದ ಹಾಗೆ ಕೂತುಬಿಟ್ಟಿತು. ಹನ್ನೊಂದು ದಿನ ಅದನ್ನೇ ಮುಟ್ಟಿ ಮುಟ್ಟಿ ನೋಡಿಕೊಂಡೆ. ಹನ್ನೆರಡನೆಯ ದಿನ ಮಧ್ಯಾಹ್ನ ನಿನಗೆ ಫೋನ್ ಮಾಡಿದೆ. ಕೆಲಸವೇನಿರಲಿಲ್ಲ, ದೊಡ್ಡ ಕತ್ತರಿ ಎಲ್ಲಿಟ್ಟಿದ್ದೀಯ ಅಂತ ಕೇಳುವ ನೆಪ. ಕತ್ತರಿ ನನ್ನ ಕೈಯಲ್ಲೇ ಇತ್ತು. ನೀವು ಚೈನಿನ ಬಿಗಿ ನೋಡಲು ದಾರಿಯಲ್ಲಿ ನಿಲ್ಲಿಸಿದ್ದಿರಿ. 'ಅಮ್ಮಾ, ಆಮೇಲೆ ಮಾಡ್ತೀನಿ, ಅಪ್ಪ ಏನೋ ಹೇಳ್ತಿದಾರೆ' ಅಂದೆ. ಅಂದವಳು ಫೋನ್ ಕಟ್ ಮಾಡಲು ಮರೆತೆ. ನಾನೂ ಕಟ್ ಮಾಡಲಿಲ್ಲ.

ಏಳು ನಿಮಿಷ ಕೇಳಿಸಿಕೊಂಡೆ. ಅವರು ಮೂರು ಜನರ ದನಿ ಅನುಕರಿಸಿದರು. ನೀನು, 'ಇದನ್ನೆಲ್ಲ ಅಮ್ಮಂಗೂ ಹೇಳಬಾರ್ದಾ ಅಪ್ಪಾ?' ಅಂದೆ. ನೀನು ಒಳ್ಳೆಯ ಮಾತೇ ಅಂದೆ, ಅದನ್ನು ನಾನು ಮರೆತಿಲ್ಲ. ಅವರು, 'ನಿಮ್ಮಮ್ಮ ಕತ್ತರಿ ಹಿಡ್ಕೊಂಡೇ ಮಾತು ಕೇಳೋದು. ಎಲ್ಲಿ ಕತ್ತರಿಸ್ತಾಳೋ ಅಂತ ಹೆದ್ರಿಕೆ' ಅಂದರು. ನೀನು ನಕ್ಕೆ.

ನಾನು ಫೋನ್ ಇಟ್ಟು, ಅದೇ ಕೈಯಲ್ಲಿ ಮತ್ತೆ ಎತ್ತಿ, ಓನರಿಗೆ ಮಾಡಿದೆ. 'ಏನಮ್ಮಾ, ಸೀಟ್ ಕವರ್ ರೆಡಿನಾ?' ಅಂದರು. 'ಅವ್ರ ಎಡಗಣ್ಣು ಕಾಣಲ್ಲ. ಯಂತ್ರ ಹತ್ತಿಸೋವಾಗ ಅವ್ರನ್ನ ಮುಂದೆ ನಿಲ್ಲಿಸ್ಬೇಡಿ. ಲಾರಿಗೂ ಹತ್ತಿಸ್ಬೇಡಿ. ನಾನು ಹೇಳ್ದೆ ಅಂತ ಯಾರಿಗೂ ಗೊತ್ತಾಗ್ಬಾರ್ದು' ಅಂದೆ. ಅವರು, 'ಸರಿ ಕಣಮ್ಮಾ' ಅಂದರು.

ಹೌದು, ನಾನೇ. ಟೋಪಿ ಅಣ್ಣ ಅಲ್ಲ.

ಹಾಳೆ ಮಡಚಿಟ್ಟು ಎದ್ದು ಹೋಗಬೇಡ. ಇನ್ನೂ ಇದೆ.

ಮೂರನೆಯ ದಿನ ಓನರ್ ನಿಮ್ಮಪ್ಪನನ್ನು ಲಾರಿಯಿಂದ ಇಳಿಸಿ, ಕಣ್ಣು ತೋರಿಸಿಕೊಳ್ಳಲು ಕಳಿಸಿದರು. ಡಾಕ್ಟರು ಎಡಗಣ್ಣಿನ ನರ ಒತ್ತಡಕ್ಕೆ ಒಣಗಿದೆ, ಅದು ಹೋದ ಹಾಗೇ, ಬಲಗಣ್ಣನ್ನಾದರೂ ಔಷಧಿಯಲ್ಲಿ ಉಳಿಸಿಕೊಳ್ಳಬಹುದು ಅಂದರು. ಹೊರಗೆ ಬಂದ ಮೇಲೆ ನಿನ್ನ ಚಿಕ್ಕಮ್ಮ, 'ಯಾರು ಹೇಳಿದ್ರೋ ಪುಣ್ಯಾತ್ಮರು, ಒಂದು ಕಣ್ಣಾದ್ರೂ ಉಳೀತು' ಅಂದಳು. ಆಗಲೇ 'ನಾನೇ ಹೇಳಿದ್ದು' ಅಂದಿದ್ದರೆ ನಾನು ಜಾಣೆ ಹೆಂಡತಿ ಅನ್ನಿಸಿಕೊಳ್ಳುತ್ತಿದ್ದೆ. ಔಷಧಿ ಚೀಟಿ ಮಡಚಿ ಚೀಲಕ್ಕೆ ಹಾಕಿಕೊಂಡೆ. ಫೋನ್ ಎತ್ತಿದಾಗ ನನ್ನ ಮನಸ್ಸಿನಲ್ಲಿ ಕಣ್ಣು ಇರಲಿಲ್ಲ. ಆ ಇಬ್ಬರು ಒಂದೇ ಕ್ಯಾಬಿನ್ನಿನಲ್ಲಿ ಕೂತು ನಗಬಾರದು, ಅಷ್ಟೇ ಇತ್ತು.

ನೀನು ಮಾತ್ರ ಪುಣ್ಯಾತ್ಮರು ಯಾರು ಅಂತ ಹುಡುಕಲು ಹೊರಟೆ. ಟೋಪಿ ಅಣ್ಣ ಒಂದು ಸಲ ಚಹಾ ಅಂಗಡಿಯಲ್ಲಿ, 'ಯಜಮಾನ್ರೇ, ಲೋಟ ಅಲ್ಲಲ್ಲ, ಇಲ್ಲಿದೆ' ಅಂತ ತಮಾಷೆ ಮಾಡಿದ್ದು ನಿನಗೆ ನೆನಪಾಯಿತು. ಅಷ್ಟೇ ಸಾಕಾಯಿತು ನಿನಗೆ. ಯಾರ್ಡಿನಲ್ಲಿ ಇಪ್ಪತ್ತು ಜನರ ಎದುರು, ಬೇಸಿಗೆಯಲ್ಲೂ ಉಣ್ಣೆ ಟೋಪಿ ಬಿಡದ ಆ ಮನುಷ್ಯನ ಮುಖಕ್ಕೇ, 'ಊರಿಗೆಲ್ಲ ಬಿಟ್ಟು ನಮಗೇ ಟೋಪಿ ಹಾಕಿದ್ಯಲ್ಲ, ಚಾಡಿಕೋರ' ಅಂದೆಯಂತೆ. ಅಣ್ಣ ಅನ್ನುತ್ತಿದ್ದವಳು ಏಕವಚನಕ್ಕೆ ಇಳಿದೆಯಂತೆ. ಅವರು ಟೋಪಿ ಸರಿಮಾಡಿಕೊಂಡು ಹೊರಗೆ ನಡೆದರಂತೆ. ಮಾರನೆಯ ದಿನ ಓನರಿಗೆ ಹೇಳಿ ಕಲ್ಲು ಕ್ವಾರಿಗೆ ಹೊರಟು ಹೋದರು.

ನೀನು ಆ ಸಂಜೆ ಬಂದು ನನ್ನ ಹತ್ತಿರ ಎಲ್ಲ ಹೇಳಿಕೊಂಡು ಅತ್ತೆ. 'ಅಪ್ಪಂಗೆ ಹೇಳ್ಬೇಡಮ್ಮಾ, ನೊಂದ್ಕೋತಾರೆ' ಅಂದೆ. ನಿನ್ನ ತಲೆ ಸವರುತ್ತಾ, 'ಹೋಗ್ಲಿ ಬಿಡು, ಜನ ಹಾಗೇ' ಅಂದೆ ನಾನು. ಫೋನ್ ಮಾಡಿದ್ದಕ್ಕಿಂತ ದೊಡ್ಡ ತಪ್ಪು ಅದು. ಹಾಗಂತ ಆಗ ಅನ್ನಿಸಲಿಲ್ಲ. ನೀನು ಅಪ್ಪನ ಹತ್ತಿರ ಹೋಗದೆ ನನ್ನ ಹತ್ತಿರ ಬಂದು ಅತ್ತೆಯಲ್ಲ, ಅದರ ಖುಷಿಯಲ್ಲೇ ಇದ್ದೆ.

ಈಗ ನಿಮ್ಮಪ್ಪ ಮನೆಯಲ್ಲಿದ್ದು ಮೂರು ತಿಂಗಳು. ನನಗೇ ನನಗೆ ಸಿಕ್ಕರು. ಬೆಳಗ್ಗೆ ಚಹಾ ಇಟ್ಟುಕೊಂಡು ಎದುರಿಗೆ ಕೂರುತ್ತೇನೆ. ಅವರು ಲೋಟ ನೋಡುತ್ತಾರೆ, ಗೋಡೆ ನೋಡುತ್ತಾರೆ. ಹೊರಗೆ ದೊಡ್ಡ ಗಾಡಿ ಹೋದರೆ ಕಿಟಕಿಯ ತನಕ ಹೋಗಿ, ಸದ್ದಿನಲ್ಲೇ ಅದು ಖಾಲಿಯೋ ಲೋಡೋ ತಿಳಿದುಕೊಂಡು ಬಂದು ಕೂರುತ್ತಾರೆ. ಒಂದು ದಿನ ನಾನೇ ನಾಚಿಕೆ ಬಿಟ್ಟು, 'ಆ ಮೇಷ್ಟ್ರು ಆಮೇಲೆ ಏನ್ ಮಾಡಿದ್ರು ರೀ?' ಅಂತ ಕೇಳಿದೆ. ಕತ್ತರಿಯನ್ನು ಒಳಗೆ ಇಟ್ಟು ಬಂದೇ ಕೇಳಿದೆ. 'ಯಾವ ಮೇಷ್ಟ್ರು?' ಅಂದರು. ಹದಿನೇಳು ಅಂದೆ. 'ಓ, ಅದಾ. ಬಿಡು' ಅಂದರು. ಭಾನುವಾರ ನೀನು ಗುಡ್ಡ ಹತ್ತಿ ಫೋನ್ ಮಾಡಿದರೆ ಮಾತ್ರ ಹಿತ್ತಲಿಗೆ ಹೋಗಿ ಅರ್ಧ ಗಂಟೆ ಮಾತಾಡುತ್ತಾರೆ. ನಾನು ಒಳಗೆ ಪಾತ್ರೆ ಸದ್ದು ಮಾಡುತ್ತಿರುತ್ತೇನೆ.

ಇದು ಹೀಗೇ ನಡೆದುಹೋಗುತ್ತಿತ್ತೋ ಏನೋ. ಹೋದ ವಾರ ಟೋಪಿ ಅಣ್ಣನ ಹೆಂಡತಿ ಕಿಟಕಿ ಪರದೆ ಹೊಲಿಸಲು ಬಂದಳು. ಅಳತೆ ಕೊಡುತ್ತಾ ಕೊಡುತ್ತಾ ನಿಂತುಬಿಟ್ಟಳು. 'ಅಕ್ಕಾ, ನಿಮ್ಮ ಮಗಳಿಗೆ ಒಂದು ಮಾತು ಹೇಳಿ. ಇವ್ರು ನಿಜವಾಗ್ಲೂ ಹೇಳಿಲ್ಲ. ಅಲ್ಲಿ ಕ್ವಾರಿ ಧೂಳಲ್ಲಿ ಒಬ್ರೇ ಇದಾರೆ. ಫೋನ್ ಮಾಡಿದ್ರೆ ಅದೇ ಹೇಳ್ತಾರೆ, ನನ್ನ ಸೀಟಲ್ಲಿ ಕೂರಿಸಿ ಕಲಿಸಿದ ಮಗು, ಹೆಂಗಂದ್ಲು ನೋಡು ಅಂತ. ಆ ಟೋಪಿನೂ ತೆಗೆದಿಟ್ಟಿದಾರಂತೆ' ಅಂದಳು. ನನ್ನ ಕೈಯಲ್ಲಿ ಅಳತೆಪಟ್ಟಿ ಹಾಗೇ ಉಳಿಯಿತು. ಕಿಟಕಿಯ ಅಗಲ ಬರೆದುಕೊಳ್ಳಬೇಕಾದ ಜಾಗದಲ್ಲಿ ಏನು ಬರೆದೆನೋ, ಆಮೇಲೆ ನೋಡಿದರೆ ಬರೀ ಗೀಟು.

ಅವಳು ಹೋದ ಮೇಲೆ ನಿಮ್ಮಪ್ಪನ ಎದುರು ಕೂತು ಹೇಳಿದೆ. ಓನರಿಗೆ ಫೋನ್ ಮಾಡಿದ್ದು ನಾನು ಅಂದೆ. ಅವರು ಬೆಚ್ಚಲಿಲ್ಲ, ನನ್ನ ಕಡೆ ನೋಡಲೂ ಇಲ್ಲ. 'ಕಣ್ಣಿಗೋಸ್ಕರ ಅಲ್ಲ. ಹೊಟ್ಟೆಕಿಚ್ಚಿಗೆ' ಅಂದೆ. ಆಗಲೂ ಗೋಡೆ ನೋಡುತ್ತಲೇ ಕೂತಿದ್ದರು. ಆದರೆ ನೀನು ಟೋಪಿ ಅಣ್ಣನನ್ನು ಅಂದದ್ದು, ಅವರು ಕ್ವಾರಿಗೆ ಹೋದದ್ದು ಹೇಳಿದೆ ನೋಡು, ಥಟ್ಟನೆ ಎದ್ದು ನಿಂತರು. ಬೆನ್ನು ನೋವು ಅಂತ ಗೋಡೆ ಹಿಡಿದು ಏಳುವ ಮನುಷ್ಯ! 'ಅವನನ್ನಾ? ಅವನ ಬಾಯಿಂದ ಒಬ್ಬರ ಮೇಲೆ ಒಂದು ಮಾತು ನಾನು ಕೇಳಿಲ್ಲ ಕಣೇ. ನೀನು ಮೂರು ತಿಂಗಳು ಗೊತ್ತಿದ್ದೂ ಸುಮ್ನಿದ್ಯಾ?' ಅಂದರು. ಎರಡು ದಿನ 'ಹೂಂ' ಕೂಡ ಇರಲಿಲ್ಲ. ಔಷಧಿ ಹಾಕಲು ಹೋದರೆ ಸೀಸೆ ತಾವೇ ಇಸಿದುಕೊಂಡು, ಕೆನ್ನೆಯ ಮೇಲೆಲ್ಲ ಸುರಿದುಕೊಂಡರು.

ಮೂರನೆಯ ದಿನ ಬಾಗಿಲ ಮೆಟ್ಟಿಲ ಮೇಲೆ ಕೂತಿದ್ದರು. ನಾನೂ ಹೋಗಿ ಪಕ್ಕದಲ್ಲಿ ಕೂತೆ. ರಸ್ತೆ ನೋಡುತ್ತಲೇ ಅಂದರು, 'ಎದುರಿಗೆ ಕೂತು ಮುಖ ನೋಡಿದ್ರೆ ನನಗೆ ಮಾತು ಬರಲ್ಲ. ಏನೋ ಲೆಕ್ಕ ಒಪ್ಪಿಸೋ ಹಾಗಾಗುತ್ತೆ. ರಸ್ತೆ ನೋಡ್ತಿದ್ರೆ ತಾನಾಗೇ ಬರುತ್ತೆ. ಅವಳು ರಸ್ತೆ ನೋಡ್ತಾಳೆ, ನಾನೂ ರಸ್ತೆ ನೋಡ್ತೀನಿ, ಅಷ್ಟೇ ಕಣೇ. ನಿನ್ನ ಬಿಟ್ಟು ಅವಳಿಗೆ ಹೇಳ್ಬೇಕು ಅಂತ ಏನಿಲ್ಲ.' ಇಷ್ಟುದ್ದ ಮಾತು ಅವರು ನನ್ನ ಹತ್ತಿರ ಯಾವತ್ತು ಆಡಿದ್ದರು? ಅದರ ಕೊನೆಗೆ, 'ಅವಳಿಗೆ ನೀನೇ ಬರಿ. ನಾನು ಹೇಳಲ್ಲ' ಅಂತ ಸೇರಿಸಿದರು.

ನಿನಗೆ ಬರೆಯುವ ಮೊದಲು ಎರಡು ಕಡೆ ಹೋಗಿ ಬಂದೆ. ಟೋಪಿ ಅಣ್ಣನ ಹೆಂಡತಿಯ ಮನೆಗೆ ಹೋಗಿ ಬಾಗಿಲಲ್ಲೇ ನಿಂತು ಹೇಳಿದೆ. ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. 'ನನ್ನ ಪರದೆ ಬಟ್ಟೆ ವಾಪಸ್ ಕೊಡಿ, ಅರ್ಧ ಹೊಲಿದಿದ್ರೂ ಪರವಾಗಿಲ್ಲ' ಅಂದಳು. ಅಕ್ಕ ಅನ್ನಲಿಲ್ಲ. ಅಲ್ಲಿಂದ ಯಾರ್ಡಿಗೆ ಹೋದೆ. ಚಹಾ ಕುಡಿಯುತ್ತಿದ್ದ ಡ್ರೈವರುಗಳು, ಆಪರೇಟರುಗಳು ಎಲ್ಲರೂ ಇದ್ದರು. ಓನರನ್ನು ಹೊರಗೆ ಕರೆಸಿ, ಆ ಫೋನ್ ಯಾರದ್ದು ಅಂತ ಅವರೆಲ್ಲರ ಎದುರೇ ಹೇಳಿದೆ. ನೀನು ಅಂದದ್ದು ಇಪ್ಪತ್ತು ಜನರ ಎದುರಾದರೆ ನಾನು ಹೇಳಿದ್ದೂ ಅಷ್ಟೇ ಜನರ ಎದುರು ಆಗಲಿ ಅಂತ. ಯಾರೋ ಕೆಮ್ಮಿದರು, ಯಾರೂ ನಗಲಿಲ್ಲ. ಟೋಪಿ ಅಣ್ಣನನ್ನು ವಾಪಸ್ಸು ಕರೆಸಿ ಅಂದರೆ ಓನರ್, 'ನಾನು ಆಗ್ಲೇ ಎರಡು ಸಲ ಕರೆದೆ ಕಣಮ್ಮಾ. ಆ ಮಗು ಬಂದು ಮಾತಾಡಿಸಿದ್ರೆ ನೋಡೋಣ ಅಂತಾನೆ' ಅಂದರು.

ಅದಕ್ಕೇ ಕೇಳಿಕೊಳ್ಳುತ್ತಿದ್ದೇನೆ. ಆ ಕ್ವಾರಿ ನೀನಿರುವಲ್ಲಿಂದ ಎರಡು ಗಂಟೆಯ ದಾರಿಯಂತೆ. ರಜೆಯ ದಿನ ಹೋಗಿ ಬಾ. ಫೋನಿನಲ್ಲಿ ಬೇಡ. ನನ್ನ ತಪ್ಪು ಎಷ್ಟು ಬೇಕಾದರೂ ಹೇಳು, ಉಪ್ಪು ಖಾರ ಹಚ್ಚಿ ಹೇಳು, ನನಗೇನೂ ಬೇಜಾರಿಲ್ಲ. ಆದರೆ ನೀನು ಅಂದದ್ದು ನಿನ್ನ ಬಾಯಿಂದಲೇ ಹೋಗಬೇಕು. ಇನ್ನೊಂದು, ನಿನಗೀಗ ಸನ್ನೆ ಮಾಡುವ ಹೊಸಬ ನೊಣ ಓಡಿಸುವ ಹಾಗೆ ಕೈ ಬೀಸುತ್ತಾನೆ, ಮೊನ್ನೆ ರೋಲರ್ ಹಲಗೆಯಿಂದ ಜಾರಿತ್ತು ಅಂತ ನೀನೇ ನಗುತ್ತಾ ಹೇಳಿದೆಯಲ್ಲ, ಅವತ್ತಿಂದ ನನಗೆ ಅನ್ನ ಇಳಿಯುತ್ತಿಲ್ಲ. ನಿಮ್ಮಪ್ಪನನ್ನು ಅಲ್ಲಿಂದ ಇಳಿಸಿದ್ದು ನಾನು. ಅವರ ಜಾಗದಲ್ಲಿ ನಿಲ್ಲಬಹುದಾಗಿದ್ದ ಇನ್ನೊಬ್ಬ ತಿಳಿದ ಮನುಷ್ಯನನ್ನು ಓಡಿಸಿದ್ದೂ ನಾನು. ಕ್ವಾರಿಗೆ ಹೋದಾಗ ಅದನ್ನೂ ಅವರ ಹತ್ತಿರ ಕೇಳು, ಮುಂದೆ ನಿಂತು ಕೈ ತೋರಿಸಲು ಬರುತ್ತೀರಾ ಅಂತ.

ಈ ಕಾಗದ ಓದಿ ನೀನು ಅಪ್ಪನಿಗೆ ಫೋನ್ ಮಾಡುತ್ತೀಯ, ನನಗೆ ಮಾಡುವುದಿಲ್ಲ. ಗೊತ್ತು. ಅವರು ಹಿತ್ತಲಿಗೆ ಹೋಗುತ್ತಾರೆ, ನನಗೆ ಮತ್ತೆ ಉರಿಯುತ್ತದೆ. ಅದು ಹೋಯಿತು ಅಂತ ಬರೆದರೆ ಸುಳ್ಳಾಗುತ್ತದೆ. ಉರಿದರೆ ಉರಿಯಲಿ. ಅದಕ್ಕಾಗಿ ಇನ್ನೊಬ್ಬರ ಮನೆಗೆ ಕಿಚ್ಚು ಹಚ್ಚುವುದಿಲ್ಲ, ಅಷ್ಟು ಮಾತ್ರ ಭಾಷೆ ಕೊಡಬಲ್ಲೆ.

ಡೀಸೆಲ್ ತರುವ ಟ್ಯಾಂಕರಿನವರ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದೇನೆ. ಹೊಟ್ಟೆಗೆ ಸರಿಯಾಗಿ ತಿನ್ನು.

ಬೈದುಕೊಂಡಾದರೂ ನೆನೆಸಿಕೊಳ್ಳಲಿ ಅಂತ ಕಾಯುವ,
ನಿನ್ನ ಅಮ್ಮ

ತಾ.ಕ.: ಅಂಟಿಸಿದ ಕವರು ಮತ್ತೆ ಬಿಚ್ಚಿದೆ. ಮೇಲೆ ಬರೆದದ್ದರಲ್ಲಿ ಒಂದು ಸುಳ್ಳು ಉಳಿದುಕೊಂಡಿದೆ. ಎಡಗಣ್ಣಿನ ವಿಷಯ ನನಗೆ ಗೊತ್ತಾದದ್ದು ಆ ಹಲಗೆಯ ಹತ್ತಿರ ಅಲ್ಲ, ಅದಕ್ಕೂ ಎಂಟು ತಿಂಗಳ ಮುಂಚೆ. ಒಂದು ಮಧ್ಯಾಹ್ನ ನಾನು ಆ ಕಡೆ ತಿರುಗಿ ಹೊಲಿಯುತ್ತಿದ್ದಾಗ ಅವರು ಹಿಂದಿನಿಂದ, 'ಎಡಗಣ್ಣು ಮಂಜು ಮಂಜು ಕಣೇ, ಪಕ್ಕದ್ದು ಕಾಣಲ್ಲ. ಯಾರಿಗೂ ಹೇಳ್ಬೇಡ, ಅವಳಿಗಂತೂ ಬೇಡವೇ ಬೇಡ, ನನ್ನ ಇಳಿಸಿಬಿಡ್ತಾಳೆ' ಅಂದರು. ಡಾಕ್ಟರ ಹತ್ತಿರ ಹೋಗೋಣ ಅಂತ ನಾನು ಒಂದು ಸಲವೂ ಒತ್ತಾಯ ಮಾಡಲಿಲ್ಲ. ನಿನಗೆ ಹೇಳದೆ ನನಗೆ ಮಾತ್ರ ಹೇಳಿದ್ದ ಮಾತು ಅದೊಂದೇ. ಅದನ್ನು ಒಡವೆಯ ಹಾಗೆ ಬಚ್ಚಿಟ್ಟುಕೊಂಡಿದ್ದೆ. ಆರು ತಿಂಗಳು ಮುಂಚೆ ಬಂದಿದ್ದರೆ ಎರಡೂ ಕಣ್ಣು ಉಳಿಯುತ್ತಿದ್ದವು ಅಂತ ಡಾಕ್ಟರು ಅಂದಾಗ ನೀನು ನನ್ನ ಪಕ್ಕದಲ್ಲೇ, ನನ್ನ ಕೈ ಹಿಡಿದುಕೊಂಡು ನಿಂತಿದ್ದೆ. ಫೋನ್ ಮಾಡಿದ್ದು ಯಾರು ಅಂತ ನಿಮ್ಮಪ್ಪನಿಗೆ ಮೊದಲ ದಿನವೇ ಗೊತ್ತಿತ್ತು. ಕಣ್ಣಿನ ವಿಷಯ ಅವರು ಹೇಳಿದ್ದು ನನಗೊಬ್ಬಳಿಗೇ ತಾನೆ.